ಮುಖ ಕಂಡ ಮೇಲೆ

ಮಹಿಳಾ ಸಂಘಗಳ ಆನ್‌ಲೈನ್ ಮೀಟಿಂಗನ್ನು ಹಳೇ ಆ್ಯಪಿನಿಂದ ಬ್ರೌಸರಿಗೆ ತರುವ ಕೆಲಸ ನನ್ನದು. ಹರಪನಹಳ್ಳಿಯ ಕಚೇರಿಯಿಂದ ಎಲ್ಲರಿಗೂ ಲಿಂಕ್ ಕಳಿಸಿದೆ. ಹಳೆಯದರಲ್ಲಿ ಮಾತಾಡುವವರ ಮುಖ ಮಾತ್ರ ಕಾಣುತ್ತಿತ್ತು, ಇದರಲ್ಲಿ ಎಲ್ಲರದೂ. ಅದೇ ಫಜೀತಿಯಾಯಿತು. ಚಿಗಟೇರಿ ಸಂಘದ ಗಂಗಮ್ಮ ಒಂದೊಂದು ಮುಖ ಮೂಡಿದಾಗಲೂ, "ಬರ್ರಿ ಯಕ್ಕಾ, ಊಟ ಆತೇನ್ರಿ? ಏನ್ ಪಲ್ಯ?" ಎಂದು ವಿಚಾರಿಸತೊಡಗಿದರು.

ಅರ್ಧ ಗಂಟೆ ಹೋಯಿತು. "ಅಮ್ಮಾ, ಮೀಟಿಂಗ್ ಶುರು ಮಾಡೋಣ್ರಿ" ಎಂದು ಸಿಡುಕಿದೆ.

"ಮುಖ ಕಂಡ ಮ್ಯಾಲೆ ಕೇಳದಂಗ ಹೆಂಗಿರಾದ್ರೀ ಸರ? ನಿಮ್ದು ಆತೇನ್ರಿ?"

ಆಗಿರಲಿಲ್ಲ. ಗಂಟೆ ಮೂರು ದಾಟಿತ್ತು. ಇಷ್ಟು ವರ್ಷ ಮೀಟಿಂಗುಗಳಲ್ಲಿ "ನನ್ನ ದನಿ ಕೇಳಿಸ್ತದಾ?" ಎಂದು ನಾನೇ ಕೇಳಿದ್ದೆ, ಊಟ ಆಯಿತೇ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ.

"ಮದ್ಲು ಉಂಡು ಬರ್ರಿ, ನಾವು ಇಲ್ಲೇ ಇರ್ತೀವಿ" ಅಂದರು ಗಂಗಮ್ಮ.

ಉಂಡು ಬಂದೆ. ಒಬ್ಬರೂ ಕದಲಿರಲಿಲ್ಲ. ಮೀಟಿಂಗ್ ಮಾತ್ರ ಆಗಲೂ ಶುರುವಾಗಲಿಲ್ಲ. ಎಲ್ಲರೂ ಒಟ್ಟಿಗೇ ಕೇಳಿದರು: "ಏನ್ ಪಲ್ಯ ಇತ್ರೀ ಸರ?"