ಬದಲಿಗೆ ಒಪ್ಪದ ಕಾಜಾ ಅಕ್ಕ

ಕಾಜಾ ಅಕ್ಕನಿಗೆ ಆಕೆಯ ತಮ್ಮನೇ ಹಜ್ ಯಾತ್ರೆ ಮಾಡಿಸಿದ ಎಂದು ಹೇಳುವವರು ಆ ಬೀದಿಯಲ್ಲಿ ಈಗಲೂ ಇದ್ದಾರೆ. ತಮ್ಮನಿಗೆ ದೊಡ್ಡ ಪಾತ್ರೆ ಅಂಗಡಿ. ಅಕ್ಕ ವಿಧವೆ, ಸೂಜಿ ಹಿಡಿದು ಬದುಕುವವಳು. ಇಂಥ ಇಬ್ಬರಲ್ಲಿ ಕೊಟ್ಟವರು ಯಾರು, ಪಡೆದವರು ಯಾರು ಎಂದು ವಿಚಾರಿಸುವ ಗೋಜಿಗೆ ಜನ ಹೋಗುವುದಿಲ್ಲ, ತಾವೇ ತೀರ್ಪು ಬರೆದುಬಿಡುತ್ತಾರೆ. ಆ ಮಾತಿನಲ್ಲಿ ನಿಜವಾದದ್ದು ಎರಡೇ: ಆಕೆ ಅವನ ಅಕ್ಕ ಎಂಬುದು, ಆಕೆ ಹಜ್ ಮಾಡಿದಳು ಎಂಬುದು. ಮಿಕ್ಕದ್ದು ತಲೆಬುಡವಿಲ್ಲದ್ದು. ತಲೆಬುಡವಿಲ್ಲದ ಮಾತಿಗೆ ಕಾಲು ಮಾತ್ರ ಬೇಕಾದಷ್ಟಿರುತ್ತವೆ, ಊರೆಲ್ಲ ಸುತ್ತಿ ಬರುತ್ತದೆ. ಆದ್ದರಿಂದ ನಡೆದದ್ದನ್ನು ನಡೆದಂತೆ ಒಮ್ಮೆ ಹೇಳಿಬಿಡುವುದು ಅಗತ್ಯ.

ಕೋಟಿನ ಗುಂಡಿ ತೂರುವ ಸೀಳಿಗೆ ದರ್ಜಿಗಳು ಕಾಜಾ ಎನ್ನುತ್ತಾರೆ. ಕೋಟು ಹೊಲಿಯುವ ಅಂಗಡಿಯೊಂದರ ಮೂರನೆಯ ಮಹಡಿಯಲ್ಲಿ, ಉತ್ತರದ ಕಿಟಕಿಯ ಕೆಳಗೆ ಕುಳಿತು ಆಕೆ ಮೂವತ್ತೊಂದು ವರ್ಷ ಕೈಯಿಂದ ಕಾಜಾ ಹೊಲಿದಳು. ನೆಲದಿಂದ ಆ ಮಹಡಿಗೆ ನಲವತ್ತಮೂರು ಮೆಟ್ಟಿಲು. ಪಕ್ಕದಲ್ಲಿ ಒಂದು ಮೇಣದ ಉಂಡೆ. ದಾರವನ್ನು ಅದರ ಮೇಲೆಳೆದೂ ಎಳೆದೂ ಉಂಡೆಯ ಮೈಯೆಲ್ಲ ಗೆರೆ ಬಿದ್ದಿತ್ತು. ಸೀಳಿನ ಎರಡೂ ಅಂಚಿಗೆ ಗಂಟಿನ ಪಕ್ಕ ಗಂಟು ಕೂರಿಸಿ, ಕೊನೆಯಲ್ಲಿ ಅಡ್ಡ ಎಳೆ ಹಾಕಿ ಬಿಗಿಯುವುದು ಈ ಕೆಲಸದ ಕ್ರಮ. ಬೇರೆಯವರು ಎರಡು ಅಡ್ಡ ಎಳೆ ಹಾಕುತ್ತಿದ್ದರು; ಆಕೆ ಮೂರು ಹಾಕುತ್ತಿದ್ದಳು. ಆ ಮೂರನೆಯದಕ್ಕೆ ಯಾರೂ ಕೂಲಿ ಕೊಡುತ್ತಿರಲಿಲ್ಲ.

"ಕೋಟು ಹರಿದ್ರೂ ನಿನ್ನ ಕಾಜಾ ಹರಿಯಲ್ಲ ಅಕ್ಕಾ," ಎನ್ನುತ್ತಿದ್ದರು ಬಟ್ಟೆ ಕತ್ತರಿಸುವ ಮಾಸ್ಟರ್. "ಒಂದಿನ ಗಿರಾಕಿ ಬರೀ ತೂತು ಹಿಡ್ಕೊಂಡು ಬರ್ತಾನೆ ನೋಡು."

"ಬರ್ಲಿ ಬಿಡಿ. ಆ ತೂತಿಗೊಪ್ಪೋ ಕೋಟು ನೀವು ಹೊಲ್ಕೊಡಿ."

ಆಕೆಯ ಬಳಿ ನಾಲ್ಕು ಚಿನ್ನದ ಬಳೆಗಳಿದ್ದವು. ತಾಯಿ ಕೊಟ್ಟವು, ಒಟ್ಟು ತೂಕ ತೊಂಬತ್ತೆರಡು ಗ್ರಾಂ. ಏಳೂವರೆ ತೊಲ, ಅಂದರೆ ಎಂಬತ್ತೇಳೂವರೆ ಗ್ರಾಂನಷ್ಟು ಚಿನ್ನ ಚಾಂದ್ರಮಾನದ ಒಂದು ವರ್ಷ ಕೈಯಲ್ಲಿದ್ದರೆ ಅದರ ನಲವತ್ತನೆಯ ಒಂದು ಪಾಲನ್ನು ಬಡವರಿಗೆ ಝಕಾತ್ ಆಗಿ ಕೊಡಲೇಬೇಕು. ತೊಡುವ ಒಡವೆಗೆ ಇದು ಬೇಡವೆನ್ನುವ ವಿದ್ವಾಂಸರೂ ಇದ್ದಾರೆ. ಆಕೆಯ ಮನೆತನ ಅನುಸರಿಸಿದ್ದು ಬೇಕೆನ್ನುವವರನ್ನು. ಪ್ರತಿವರ್ಷ ಅದೇ ತಿಂಗಳ ಅದೇ ತಾರೀಖಿಗೆ ಆಕೆ ಬಳೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಅಕ್ಕಸಾಲಿಗನ ಮುಂದಿಡುತ್ತಿದ್ದಳು.

"ಹೋದ ವರ್ಷ ತೂಗಿದ್ದೇ ಅಲ್ವೇನಮ್ಮಾ? ಬಳೆ ಏನು ಮಕ್ಕಳಾ, ವರ್ಷವರ್ಷ ಬೆಳೆಯೋಕೆ?"

"ಬಳೆ ಬೆಳೆಯಲ್ಲ, ನಿಮ್ಮ ದರ ಬೆಳೆಯುತ್ತಲ್ಲ. ತೂಗಿ."

ಮದುವೆಯಾದ ಹೊಸತರಲ್ಲಿ ಗಂಡ, ಸೈಕಲ್ ರಿಪೇರಿಯವನು, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ: "ನಿನ್ನ ಬಳೆದೂ ನಾನೇ ಕೊಟ್ಬಿಡ್ತೀನಿ. ನಿನಗ್ಯಾಕೆ ತಲೆಬಿಸಿ?"

"ಹಾಗಾದ್ರೆ ನಾಳೆಯಿಂದ ನನ್ನ ನಮಾಜೂ ನೀವೇ ಮಾಡಿ. ನಾನು ಇನ್ನೊಂದು ಗಳಿಗೆ ಮಲಗ್ತೀನಿ."

ಹೆಂಡತಿ ಒಪ್ಪಿದರೆ ಗಂಡ ಆಕೆಯ ಪರವಾಗಿ ಕೊಡಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಹೊಣೆ ಒಡವೆಯ ಒಡತಿಯದು. ಗಂಡನ ಆಸ್ತಿಗೆ ಗಂಡ, ಹೆಂಡತಿಯ ಆಸ್ತಿಗೆ ಹೆಂಡತಿ. ಇಷ್ಟು ಸರಳವಾದ ವಿಷಯ ಓದಿದವರಿಗೂ ಏಕೆ ತಿಳಿಯುವುದಿಲ್ಲವೋ, ಅದು ಬೇರೆ ಮಾತು. ಕಾಜಾ ಅಕ್ಕ ತನ್ನ ಪಾಲನ್ನು ಕೋಟಿನ ಅಸ್ತರಿನ ತುಂಡುಗಳಿಂದ ಹೊಲಿದ ಪುಟ್ಟ ಚೀಲಗಳಲ್ಲಿ ಹಾಕಿ, ಬಾಯಿ ಹೊಲಿದು, ಮಸೀದಿಯ ಮೌಲ್ವಿಗಳ ಕೈಗೆ ಕೊಡುತ್ತಿದ್ದಳು. ಯಾವ ಮನೆಗೆಂದು ಮಾತ್ರ ಹೇಳುತ್ತಿದ್ದಳು. ಯಾರಿಂದ ಎಂಬುದನ್ನು ಅವರು ಹೇಳಕೂಡದು.

ಗಂಡ ತೀರಿಕೊಂಡ ಮೇಲೆ, ಒಬ್ಬಳೇ ಮಗಳ ಮದುವೆಯೂ ಮುಗಿದ ಮೇಲೆ, ಆಕೆ ಹಜ್‌ಗೆಂದು ಕೂಡಿಡತೊಡಗಿದಳು. ಕೂಡಿಟ್ಟದ್ದು ಒಬ್ಬರ ಖರ್ಚನ್ನಲ್ಲ, ಇಬ್ಬರದು. ಆಕೆ ನಂಬಿ ನಡೆದ ಪದ್ಧತಿಯಲ್ಲಿ ಹೆಂಗಸು ಯಾತ್ರೆಗೆ ಹೋಗಲು ಮಗ, ತಮ್ಮ, ಅಳಿಯ, ಇಂಥ ಮದುವೆ ನಿಷಿದ್ಧವಾದ ಸಂಬಂಧದ ಗಂಡಸೊಬ್ಬ ಜೊತೆಗಿರಬೇಕು; ಅವನ ಖರ್ಚು ಆಕೆಯ ಮೇಲೆ. ನಂಬಿಕಸ್ಥ ಹೆಂಗಸರ ಗುಂಪಿನಲ್ಲಿ ಹೋಗಬಹುದೆನ್ನುವವರೂ ಇದ್ದಾರೆ, ಆಕೆಗೆ ಅದು ಗೊತ್ತಿತ್ತು. ಆದರೂ ಅನುಕೂಲಕ್ಕೆ ತಕ್ಕಂತೆ ಪದ್ಧತಿ ಬದಲಿಸುವವಳಲ್ಲ ಆಕೆ. ಇದರ ಮೇಲೆ ಇನ್ನೊಂದು ತೊಡಕು: ಹಜ್‌ಗೆಂದು ಕೂಡಿಟ್ಟ ಹಣವೂ ವರ್ಷ ತುಂಬಿದರೆ ಝಕಾತ್‌ಗೆ ಒಳಪಡುತ್ತದೆ. ಪ್ರತಿವರ್ಷ ಅದರಲ್ಲೂ ನಲವತ್ತನೆಯ ಒಂದು ಪಾಲು ಚೀಲ ಸೇರಿ ಹೊರಗೆ ಹೋಗುತ್ತಿತ್ತು.

"ತೂತಿನ ಕೊಡಕ್ಕೆ ನೀರು ಹೊತ್ತ ಹಾಗಾಯ್ತಲ್ಲ ಅಕ್ಕಾ," ಎಂದಳು ಗುಂಡಿ ಹೊಲಿಯುವ ಜೊತೆಗಾತಿ. "ಯಾತ್ರೆ ದುಡ್ಡು ದೇವರ ದುಡ್ಡೇ ತಾನೇ, ಅದಕ್ಕೂ ಯಾಕೆ?"

"ಯಾತ್ರೆ ನಾಳೆಯದು, ಬಡವರ ಹಸಿವು ಇವತ್ತಿಂದು. ತೂತು ಹೊಲಿಯೋದೇ ನನ್ನ ಕಸುಬು, ನೀನು ಯೋಚನೆ ಮಾಡ್ಬೇಡ."

ಹದಿನಾರು ವರ್ಷ ಹಿಡಿಯಿತು. ಆಕೆಗೆ ಅರವತ್ತೆರಡು ತುಂಬಿದಾಗ ಕೊಡವೂ ತುಂಬಿತು. ಅಳಿಯನ ಬೆನ್ನಿಗೆ ಆಗಷ್ಟೇ ಶಸ್ತ್ರಚಿಕಿತ್ಸೆಯಾಗಿತ್ತು. ಉಳಿದವನು ತಮ್ಮ. ಅವನು ತನ್ನ ಹಜ್ಜನ್ನು ಎಂಟು ವರ್ಷ ಹಿಂದೆಯೇ ಮುಗಿಸಿದ್ದ.

ತಮ್ಮ ಸ್ವಭಾವತಃ ಕೆಟ್ಟವನಲ್ಲ, ತುಸು ದೊಡ್ಡಸ್ತಿಕೆಯವನು. ಇಪ್ಪತ್ತೆರಡು ವರ್ಷಗಳ ಹಿಂದೆ ಅವನ ಮೊದಲ ಅಂಗಡಿ ಬೆಂಕಿಗೆ ಸಿಕ್ಕಿ ಒಂದು ಚಮಚವೂ ಉಳಿಯದೆ ಹೋದಾಗ, ಹಣ ಹಿಡಿದು ಬಂದ ಅಕ್ಕನನ್ನು ಅವನು ಹೊಸ್ತಿಲಿಂದಲೇ ಕಳುಹಿಸಿದ್ದ: "ಹೆಂಗಸರ ಸೂಜಿ ದುಡ್ಡಲ್ಲಿ ನಾನು ಅನ್ನ ತಿನ್ನಲ್ಲ ಅಕ್ಕಾ." ಆಮೇಲೆ ಹೇಗೋ ಎದ್ದು ನಿಂತ. ಈಗ ಜೊತೆಗೆ ಬಾ ಎಂದು ಅಕ್ಕ ಕರೆದಾಗ ಹೆಂಡತಿಯೊಂದಿಗೆ ಮನೆಗೆ ಬಂದ. ಬಂದವನು ತನ್ನದೇ ಒಂದು ತೀರ್ಮಾನ ಹೊತ್ತು ತಂದಿದ್ದ.

"ನಿನ್ನ ಮಂಡಿ ನೋಡ್ಕೋ ಅಕ್ಕಾ. ಅಲ್ಲಿ ಲಕ್ಷಗಟ್ಟಲೆ ಜನ. ನಿನ್ನ ಹೆಸರಲ್ಲಿ ಬದಲಿ ಹಜ್ ನಾನೇ ಮಾಡಿ ಬರ್ತೀನಿ, ನನ್ನ ಖರ್ಚಲ್ಲೇ. ನೀನು ಮನೇಲಿ ಆರಾಮಾಗಿ ದುವಾ ಮಾಡು. ನಿನ್ನ ದುಡ್ಡು ಮೊಮ್ಮಕ್ಕಳಿಗಾಗುತ್ತೆ."

"ಎಂಥಾ ತಮ್ಮ ನೋಡಿ ಅತ್ತಿಗೇ," ಎಂದಳು ಅವನ ಹೆಂಡತಿ. "ಯಾರಿಗೆ ಸಿಗ್ತಾನೆ ಹೀಗೆ?"

ಕಾಜಾ ಅಕ್ಕ ಕೈಯಲ್ಲಿದ್ದ ದಾರವನ್ನು ಹಲ್ಲಿನಿಂದ ಕಡಿದಳು. "ನಾನು ಸತ್ತಿದೀನಾ?"

"ಬಿಡ್ತು ಅನ್ನು ಅಕ್ಕಾ."

"ಹಾಸಿಗೆ ಹಿಡಿದಿದೀನಾ? ಇವತ್ತೂ ನಲವತ್ತಮೂರು ಮೆಟ್ಟಿಲು ಹತ್ತಿ ಬಂದಿದೀನಿ. ಅಲ್ಲಿ ಸಫಾ, ಮರ್ವಾ ಬೆಟ್ಟಗಳ ನಡುವೆ ಗಂಡಸರೆಲ್ಲ ನಡೀತೀರಲ್ಲ, ಆ ನಡಿಗೆ ಯಾರದು? ಬಾಯಾರಿದ ಮಗುವಿಗೆ ನೀರು ಹುಡುಕಿ ಓಡಿದ ಒಬ್ಬ ತಾಯಿದು. ಹಾಜಿರಾ ಅಮ್ಮನ ಬದಲಿಗೆ ಅವತ್ತು ಯಾರು ಓಡಿದ್ರು?"

ತಮ್ಮನ ಮುಖ ಸಣ್ಣದಾಯಿತು. ಮರುದಿನ ಬೀದಿಯ ತುಂಬ ಒಂದೇ ಮಾತು: ಕೈಗೆ ಬಂದ ತುತ್ತನ್ನು ಒದೆಯುವ ಜಂಬಗಾತಿ. ಆ ಮಾತಾಡಿದವರಲ್ಲಿ ಒಬ್ಬರಿಗಾದರೂ ಬದಲಿ ಹಜ್‌ನ ನಿಯಮ ತಿಳಿದಿತ್ತೇ? ಇಲ್ಲ. ತಿಳಿದಿದ್ದ ಮೌಲ್ವಿಗಳ ಬಳಿಗೆ ಅಕ್ಕ ತಮ್ಮನನ್ನು ಕರೆದುಕೊಂಡು ಹೋದಳು.

"ಇನ್ನು ವಾಸಿಯಾಗೋ ಆಸೆಯೇ ಇಲ್ಲ ಅನ್ನೋ ರೋಗಿಗೆ, ತೀರಿಹೋದವರಿಗೆ ಬದಲಿ," ಎಂದರು ವೃದ್ಧ ಮೌಲ್ವಿಗಳು. "ನಡೆಯೋ ಕಾಲಿದ್ದು, ಗಂಟಿನಲ್ಲಿ ದುಡ್ಡಿದ್ದು, ಜೊತೆಗೊಬ್ಬ ತಮ್ಮನಿದ್ರೆ ಆಕೆ ಮೇಲಿನ ಕರ್ತವ್ಯ ಆಕೇನೇ ತೀರಿಸ್ಬೇಕು. ನೀವು ಮಾಡಿದ್ರೆ ನಿಮಗೆ ಪುಣ್ಯ ಬರಬಹುದು, ಆಕೆ ಹೊರೆ ಇಳಿಯಲ್ಲ."

"ಕಾಲಿನದೇ ಅನುಮಾನ ಹಜ್ರತ್," ಎಂದ ತಮ್ಮ. "ಬೆಟ್ಟದಿಂದ ಬೆಟ್ಟಕ್ಕೆ ಏಳು ಸಲ. ಮೂರು ಕಿಲೋಮೀಟರ್ ದಾಟುತ್ತೆ. ಅರ್ಧದಲ್ಲಿ ಕೂತುಬಿಟ್ರೆ?"

"ನಮ್ಮ ಮಸೀದಿ ಬಾಗಿಲಿಂದ ಹಾಲಿನ ಬೂತಿಗೆ ಹೆಚ್ಚುಕಡಿಮೆ ಒಂದು ಸಲದಷ್ಟೇ ದೂರ. ಏಳು ಸಲ ನಡೆದು ನೋಡಿ," ಎಂದರು ಮೌಲ್ವಿಗಳು, ಗಡ್ಡದೊಳಗೇ ನಗುತ್ತ.

ಮರುದಿನ ಬೆಳಗಿನ ನಮಾಜಾದ ಮೇಲೆ ಅಕ್ಕತಮ್ಮಂದಿರು ಆ ಬೀದಿಯಲ್ಲಿ ನಡೆದರು. ತಮ್ಮ ಪರೀಕ್ಷಕನಾಗಿ ಬಂದವನು, ಗತ್ತಿನಿಂದ ಎಣಿಸುತ್ತಿದ್ದ. ಇಪ್ಪತ್ತು ವರ್ಷ ಗಲ್ಲಾಪೆಟ್ಟಿಗೆಯ ಹಿಂದಿನ ಮೆತ್ತೆಯ ಮೇಲೆ ಕೂತ ದೇಹ ಅದು. ಮೂರನೆಯ ಸಲಕ್ಕೆ ಎಣಿಕೆ ನಿಂತಿತು, ನಾಲ್ಕನೆಯ ಸಲಕ್ಕೆ ಅವನು ಹಾಲಿನ ಬೂತಿನ ಕಟ್ಟೆಯ ಮೇಲೆ ಕುಳಿತ. ಅಕ್ಕ ಏಳನ್ನೂ ಮುಗಿಸಿ ಎದುರಿಗೆ ನಿಂತಳು. ಆಕೆಯ ಮಂಡಿ ನೋಯಲಿಲ್ಲವೆಂದರೆ ಸುಳ್ಳಾದೀತು. ಬಲಮಂಡಿ ಊದಿತ್ತು; ಆ ವಾರವೆಲ್ಲ ಎಣ್ಣೆ ತಿಕ್ಕಿಕೊಂಡಳು. ಆದರೆ ಆ ಹೊತ್ತಿಗೆ ಹೇಳಿದ್ದು ಇಷ್ಟೇ:

"ನಿನಗೆ ಬದಲಿ ಯಾರನ್ನಾದ್ರೂ ಹುಡುಕೋಣ್ವೇನೋ?"

ಹಾಲು ಮಾರುವವನು ನಕ್ಕುಬಿಟ್ಟ. ತಮ್ಮ ಹಣೆಯ ಬೆವರು ಒರೆಸಿಕೊಂಡು, "ಬರ್ತೀನಿ ಮಾರಾಯ್ತಿ," ಎಂದ. "ಆದ್ರೆ ನನ್ನ ಖರ್ಚು ನಂದು."

"ನಿನ್ನ ಖರ್ಚು ನಂದು. ಹದಿನಾರು ವರ್ಷ ಕೂಡಿಟ್ಟಿರೋದು ಅದಕ್ಕೇ."

"ಜನ ಏನಂತಾರೆ?"

"ಅವರಿಗೇನು, ಬಾಯಿಗೆ ಗುಂಡಿಯಿಲ್ಲ, ಕಾಜಾನೂ ಇಲ್ಲ."

ಹೊರಡಲು ಹತ್ತು ದಿನವಿತ್ತು. ಯಾತ್ರೆಯಲ್ಲಿ ಗಂಡಸರು ಹೊಲಿಯದ ಎರಡು ಬಿಳಿ ಬಟ್ಟೆ ಉಟ್ಟು, ಸೊಂಟಕ್ಕೆ ಚೀಲವಿರುವ ಪಟ್ಟಿ ಬಿಗಿಯುತ್ತಾರೆ. ತಮ್ಮನ ಹಳೆಯ ಪಟ್ಟಿಯ ಚೀಲ ಕಿತ್ತುಹೋಗಿತ್ತು. ಅಕ್ಕ ಅದನ್ನು ಹೊಲಿದುಕೊಟ್ಟಳು, ಕೈ ರೂಢಿಯಂತೆ ಕೊನೆಗೆ ಮೂರು ಅಡ್ಡ ಎಳೆ ಹಾಕಿ. ಅವನು ತೆಗೆದುಕೊಂಡು ಹೊರಟವನು ಅಂಗಡಿಯಲ್ಲಿ ಅದನ್ನು ತಿರುಗಿಸಿ ನೋಡಿದ. ಆಮೇಲೆ ಗಲ್ಲಾಪೆಟ್ಟಿಗೆಯ ತಳದಿಂದ ಮಾಸಿದ ಎರಡು ಪುಟ್ಟ ಚೀಲಗಳನ್ನು ಹೊರತೆಗೆದ. ಅಂಗಡಿ ಸುಟ್ಟ ವರ್ಷ ಒಂದು, ಮರುವರ್ಷ ಒಂದು, ಮೌಲ್ವಿಗಳ ಕೈಯಿಂದ ಬಂದಿದ್ದವು. ಆ ಹಣದಿಂದಲೇ ಅವನು ತಳ್ಳುಗಾಡಿಯಲ್ಲಿ ಪಾತ್ರೆ ಮಾರಲು ಶುರುಮಾಡಿದ್ದು. ಅದೃಷ್ಟ ತಂದವೆಂದು, ಹೊಲಿದ ಬಾಯಿ ಬಿಚ್ಚದೆ ಪಕ್ಕ ಕತ್ತರಿಸಿ, ಹಾಗೇ ಇಟ್ಟುಕೊಂಡಿದ್ದ. ಬಾಯಿಯ ಹೊಲಿಗೆಯ ಕೊನೆಯಲ್ಲಿ ಮೂರು ಅಡ್ಡ ಎಳೆಗಳಿದ್ದವು.

ಹೆಸರು ಮುಚ್ಚಿಟ್ಟವಳು ಕೈಯನ್ನು ಮುಚ್ಚಿಡಲು ಮರೆತಿದ್ದಳು. ಇಂಥ ತಪ್ಪು ಕಾಜಾ ಹೊಲಿಯುವವಳೊಬ್ಬಳೇ ಮಾಡಬಲ್ಲಳು.

ಅವನು ಅಂಗಡಿ ಮುಚ್ಚಿ ನೇರ ಆಕೆಯ ಮನೆಗೆ ಬಂದ. ಚೀಲಗಳನ್ನು ಆಕೆಯ ಮುಂದಿಟ್ಟ. ಬದಲಿ ಹಜ್‌ನ ಮಾತು ಬಂದ ದಿನ, ಜಂಬಗಾತಿಯೆಂದು ಬೀದಿ ಆಡಿಕೊಂಡ ದಿನ, ಈ ಚೀಲಗಳ ಮಾತೊಂದನ್ನು ಆಕೆ ಎತ್ತಿದ್ದರೆ ಸಾಕಿತ್ತು. ಎತ್ತಿರಲಿಲ್ಲ.

"ನೀನಾ?" ಎಂದ.

"ಹೊಲಿಗೆ ಯಾರದ್ದಾದ್ರೂ ಇರಬಹುದು."

"ಮೂರು ಎಳೆ ಹಾಕೋರು ಇನ್ಯಾರಿದ್ದಾರೆ ಅಕ್ಕಾ? ಇಷ್ಟು ವರ್ಷ ನಿನ್ನ ಅನ್ನ ತಿಂದು, ನಿನಗೇ ದಾನ ಮಾಡೋಕೆ ಬಂದ್ನಲ್ಲ ನಾನು."

"ನನ್ನ ಅನ್ನ ಅಲ್ಲ. ಅವತ್ತು ನಿನ್ನ ಹತ್ರ ಏನೂ ಇರಲಿಲ್ಲ, ಅದು ನಿನ್ನ ಹಕ್ಕು. ಹೆತ್ತವರಿಗೆ, ಮಕ್ಕಳಿಗೆ ಝಕಾತ್ ಕೊಡೋ ಹಾಗಿಲ್ಲ. ಕಷ್ಟದಲ್ಲಿರೋ ತಮ್ಮನಿಗೆ ಕೊಡಬಹುದು. ನನ್ನ ಮೇಲಿದ್ದ ಹೊರೆ ನೀನು ಇಳಿಸ್ದೆ, ಅಷ್ಟೇ. ಈಗ ಹೊರಡೋಕೆ ಸಾಮಾನು ಕಟ್ಟು."

ಅವರು ಹೋದರು. ಸಫಾ ಮರ್ವಾಗಳ ನಡುವೆ ಹಸಿರು ದೀಪಗಳಿರುವ ಜಾಗದಲ್ಲಿ ಗಂಡಸರು ಓಡುನಡಿಗೆಯಲ್ಲಿ ಸಾಗುತ್ತಾರೆ, ಹೆಂಗಸರು ಎಂದಿನಂತೆ ನಡೆದರೆ ಸಾಕು. ತಮ್ಮ ಪ್ರತಿಸಲವೂ ಓಡಿ ಮುಂದೆ ಹೋಗಿ ಗೋಡೆಗೊರಗಿ ಏದುಸಿರು ಬಿಡುತ್ತಿದ್ದ. ಅಕ್ಕ ಒಂದೇ ಹದದಲ್ಲಿ ಬಂದು ಅವನನ್ನು ದಾಟುತ್ತಿದ್ದಳು. ಐದನೆಯ ಸಲ ಅವನೆಂದ: "ಇಲ್ಲಿ ಗಾಲಿಕುರ್ಚಿ ಸಿಗುತ್ತೆ ಅಕ್ಕಾ."

"ಬೇಕಾದ್ರೆ ತಗೋ. ನಾನು ತಳ್ತೀನಿ."

ಅವನು ತೆಗೆದುಕೊಳ್ಳಲಿಲ್ಲ. ಏಳನೆಯದು ಮರ್ವಾದ ಮೇಲೆ ಮುಗಿದಾಗ ಕಾಜಾ ಅಕ್ಕ ಬಲಮಂಡಿಯ ಮೇಲೆ ಕೈಯಿಟ್ಟು ನಿಂತಳು. ಹದಿನಾರು ವರ್ಷ ಕಟ್ಟಿಟ್ಟಿದ್ದ ಕಣ್ಣೀರನ್ನು ಆಗ ಸುರಿಯಲು ಬಿಟ್ಟಳು.

ಮರಳಿದ ಮೇಲೆ ಅಂಗಡಿಗೆ ಬಂದವರು ತಮ್ಮನನ್ನು ಹೊಗಳತೊಡಗಿದರು: "ಅಕ್ಕನಿಗೆ ಹಜ್ ಮಾಡಿಸಿದ್ರಿ, ದೊಡ್ಡ ಮನಸ್ಸು." ಅವನು ತೂಗುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟು ಪ್ರತಿಯೊಬ್ಬರಿಗೂ ಒಂದೇ ಉತ್ತರ ಕೊಡುತ್ತಿದ್ದ: "ನಾನು ಮಾಡಿಸಿಲ್ಲ. ಆಕೆ ದುಡ್ಡಲ್ಲಿ, ಆಕೆ ಹಿಂದೆ, ಏದುಸಿರು ಬಿಡ್ತಾ ಹೋಗಿ ಬಂದೆ. ಈ ಅಂಗಡಿಯ ಮೊದಲ ಪಾತ್ರೇನೂ ಆಕೇದೇ." ಕೇಳಿದವರಲ್ಲಿ ಅರ್ಧ ಜನ ಅದನ್ನು ವಿನಯವೆಂದುಕೊಂಡು ಇನ್ನಷ್ಟು ಹೊಗಳಿ ಹೋದರು. ಅಂಥವರಿಗೆ ಮದ್ದಿಲ್ಲ.

ಊರಿಗೆ ಬಂದ ನಾಲ್ಕನೆಯ ದಿನ ಆಕೆ ಉತ್ತರದ ಕಿಟಕಿಯ ಕೆಳಗೆ ಕುಳಿತಿದ್ದಳು. ತಿಂಗಳುಗಳು ಉರುಳಿ ತಾರೀಖು ಬಂದಾಗ, ಕರವಸ್ತ್ರ ಬಿಚ್ಚಿ ಬಳೆಗಳನ್ನು ಅಕ್ಕಸಾಲಿಗನ ಮುಂದಿಟ್ಟಳು.

"ಹಜ್ ಮುಗೀತಲ್ಲಮ್ಮಾ, ಇನ್ನೂ ತೂಗಬೇಕಾ?"

"ಅದು ಜೀವಮಾನಕ್ಕೊಮ್ಮೆ. ಇದು ವರ್ಷವರ್ಷ. ತೂಗಿ."

ತೊಂಬತ್ತೆರಡು ಗ್ರಾಂ. ಅದೇ ಸಂಜೆ ತಮ್ಮ ತನ್ನ ಪಾಲಿನ ಝಕಾತನ್ನು ಬಟ್ಟೆಯ ಚೀಲದಲ್ಲಿ ಹಿಡಿದು ಬಂದು, "ಇದರ ಬಾಯೊಂದು ಹೊಲ್ಕೊಡು ಅಕ್ಕಾ," ಎಂದ.

ಆಕೆ ಸೂಜಿಗೆ ದಾರ ಪೋಣಿಸಿ, ಮೇಣದ ಮೇಲೆ ಒಮ್ಮೆ ಎಳೆದು, ಅವನ ಕೈಗೇ ಕೊಟ್ಟಳು. "ನಿಂದು ನೀನೇ ಹೊಲಿ."

ಪಾತ್ರೆ ಅಂಗಡಿಯವನು ಮುಕ್ಕಾಲು ಗಂಟೆ ಕುಳಿತು, ಎರಡು ಸಲ ಬೆರಳು ಚುಚ್ಚಿಕೊಂಡು, ಹೊಲಿದ. ಹೊಲಿಗೆ ಸೊಟ್ಟಗಿತ್ತು. ಕಾಜಾ ಅಕ್ಕ ಕನ್ನಡಕ ಏರಿಸಿ ನೋಡಿ, ಒಂದು ಎಳೆಯನ್ನೂ ತಿದ್ದದೆ, ತನ್ನ ಚೀಲದ ಪಕ್ಕದಲ್ಲಿಟ್ಟಳು.