ಚಿಕ್ಕಮ್ಮ ಹೊಲಿದ ಬೀದಿ

ನನ್ನ ಚಿಕ್ಕಮ್ಮ ದರ್ಜಿ. ಅವಳು ಹಾಕಿದ ಹೊಲಿಗೆ ಬಿಚ್ಚುವುದಿಲ್ಲ, ಅವಳಿಗೆ ಆದ ನೋವು ಅವಳು ಮರೆಯುವುದಿಲ್ಲ. ನಮ್ಮ ಬೀದಿಗೆಲ್ಲ ಗೊತ್ತಿರುವ ಸಂಗತಿ ಇದು. ಸೇಡು ಗೀಡು ಅಂತ ಮನಸ್ಸಲ್ಲಿ ಇಟ್ಟುಕೊಳ್ಳಬಾರದು ಎಂದು ಬುದ್ಧಿ ಹೇಳುವವರು ಅವಳ ಅಂಗಡಿಗೇ ಬಂದು ಹೇಳಲಿ. ಆಮೇಲೆ ಅವರ ಪ್ಯಾಂಟಿನ ಎರಡು ಕಾಲೂ ಒಂದೇ ಉದ್ದ ಇರುತ್ತವೋ ಇಲ್ಲವೋ ನೋಡೋಣ.

ಅವಳ ಅಕ್ಕನೇ ನನ್ನ ಅಮ್ಮ. ಅಮ್ಮ ಇಸ್ತ್ರಿ ಮಾಡುತ್ತಿದ್ದಳು. ಹೊಲಿಗೆ ಅಂಗಡಿಯ ಮುಂದಿನ ಸಾಲುಮರಗಳ ಕೆಳಗೆ ಅವಳ ಮೇಜು, ಕೆಂಡದ ಇಸ್ತ್ರಿಪೆಟ್ಟಿಗೆ, ನೀರು ಚಿಮುಕಿಸುವ ಡಬ್ಬಿ. ಒಳಗೆ ಹೊಲಿದ ಬಟ್ಟೆ ಹೊರಗೆ ಇಸ್ತ್ರಿಯಾಗಿ ಗಿರಾಕಿಯ ಕೈಸೇರುತ್ತಿತ್ತು. ಅಕ್ಕತಂಗಿಯರು ದಿನವಿಡೀ ಕಿಟಕಿಯಿಂದಲೇ ಜಗಳವಾಡುತ್ತಿದ್ದರು, ಊಟಕ್ಕೆ ಮಾತ್ರ ಒಟ್ಟಿಗೆ ಕೂರುತ್ತಿದ್ದರು. ಕೈಯಲ್ಲಿ ಕೆಂಡ ಹಿಡಿದು ನಿಲ್ಲುವವಳಿಗೆ ತಲೆಯ ಮೇಲಿನ ನೆರಳು ಎಂದರೆ ಏನು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಎದುರುಗಡೆ ಪೀಠೋಪಕರಣಗಳ ದೊಡ್ಡ ಅಂಗಡಿ. ಅದರ ಯಜಮಾನರೇ ಆಗ ವರ್ತಕರ ಸಂಘದ ಅಧ್ಯಕ್ಷರು. ಅವರು ಅಂಗಡಿಯ ನೆತ್ತಿಗೆ ಒಂದು ಹೊಸ ಬೋರ್ಡು ಹಾಕಿಸಿದರು. ಬೀದಿಯ ತುದಿಯಿಂದ ನೋಡಿದರೆ ಮರಗಳ ಕೊಂಬೆ ಅಡ್ಡ ಬಂದು ಬೋರ್ಡು ಅರ್ಧ ಮಾತ್ರ ಕಾಣುತ್ತಿತ್ತು. ಅಷ್ಟಕ್ಕೇ ಮರಗಳು ಹೋದವು. ಕಾಲುದಾರಿ ಅಗಲ ಮಾಡಲು ಎಂಬ ನೆಪ ಹೇಳಿ, ಯಾರ್ಯಾರನ್ನೋ ಹಿಡಿದು, ಸಾಲಿಗೆ ಸಾಲನ್ನೇ ನೆಲಕ್ಕೆ ಉರುಳಿಸಿದರು. ಕಾಲುದಾರಿ ಇವತ್ತಿಗೂ ಒಂದು ಗೇಣು ಅಗಲವಾಗಿಲ್ಲ. ಅವತ್ತಿನಿಂದ ಚಿಕ್ಕಮ್ಮನ ಬಾಯಲ್ಲಿ ಅವರ ಹೆಸರು ಬೋರ್ಡು ಸಾಹುಕಾರ.

ಅಮ್ಮ ತಗಡು ಹೊದಿಸಿಕೊಂಡು ಕೆಲಸ ಮುಂದುವರಿಸಿದಳು. ಮೇಲೆ ಕಾದ ತಗಡು, ಕೈಯಲ್ಲಿ ಕೆಂಡ. ಬೇಸಿಗೆಗಳು ಮೊದಲಿನಂತೆ ಇರಲಿಲ್ಲ. ಒಂದು ವರ್ಷಕ್ಕಿಂತ ಒಂದು ವರ್ಷ ಉರಿ ಹೆಚ್ಚುತ್ತಿತ್ತು. ಅಂಥದ್ದೊಂದು ಮಧ್ಯಾಹ್ನ ಅಮ್ಮ ಮೇಜಿನ ಪಕ್ಕದಲ್ಲೇ ಕುಸಿದಳು, ಮತ್ತೆ ಏಳಲಿಲ್ಲ. ಬಿಸಿಲಿನ ಹೊಡೆತ ಎಂದರು ಡಾಕ್ಟರು.

ಸಂಘದ ಪರವಾಗಿ ಯಜಮಾನರು ಮನೆ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ, ಅಳುತ್ತ ಕೂತಿದ್ದ ನನ್ನ ಕಡೆ ನೋಡಲೂ ಇಲ್ಲ. ಚಿಕ್ಕಮ್ಮನಿಗೆ, "ವಯಸ್ಸಾಗಿತ್ತಲ್ಲಮ್ಮ, ಏನ್ ಮಾಡೋಕಾಗುತ್ತೆ" ಎಂದು ಹೇಳಿ ಹೊರಟರು. ಅಮ್ಮನ ತಲೆಯಲ್ಲಿ ಬಿಳಿಕೂದಲು ಹುಡುಕಿದರೂ ಸಿಗುತ್ತಿರಲಿಲ್ಲ. ಚಿಕ್ಕಮ್ಮ ಬಾಗಿಲು ಹಾಕಿ ಬಂದು, ಆ ಮಾತನ್ನು ಅವರು ನುಂಗುವವರೆಗೆ ತಾನು ಬಿಡುವುದಿಲ್ಲ ಎಂದಳು. ಕೊಟ್ಟದ್ದನ್ನು ಕೊಟ್ಟವರಿಗೇ ವಾಪಸು ಮಾಡಬೇಕು, ಅವರ ಬಾಯಿಂದಲೇ ಮರದ ವಿಷಯ ಬರಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಆಮೇಲೆ ವರ್ಷಗಟ್ಟಲೆ ಅವಳು ಹಲ್ಲು ಕಚ್ಚಿಕೊಂಡು ಅವರ ಬಟ್ಟೆ ಹೊಲಿದಳು. ಸೊಂಟ ಸಡಿಲ ಮಾಡಿಸಲು, ಉದ್ದ ಕಡಿಮೆ ಮಾಡಿಸಲು ಅವರು ನಮ್ಮಲ್ಲಿಗೇ ಬರುತ್ತಿದ್ದರು. ನಾನು ಮೂಲೆಯಲ್ಲಿ ಕೂತು ಗುಂಡಿಯ ತೂತಿಗೆ ಕಾಜ ಹೊಲಿದು ಗುಂಡಿ ಹಾಕುತ್ತಿದ್ದೆ. ನನಗಾದರೆ ಅವರ ಕಾಲರಿನಲ್ಲಿ ಒಂದು ಸೂಜಿ ಮರೆತುಬಿಡುವ ಆಸೆ. ಚಿಕ್ಕಮ್ಮ ಬಿಡಲಿಲ್ಲ. ಇಂಥ ಚಿಲ್ಲರೆ ಸೇಡಿನಿಂದ ಹೊಟ್ಟೆ ತುಂಬುವುದಿಲ್ಲ ಎಂದು ಗದರಿದಳು.

ದಾರಿ ತೆರೆದದ್ದು ಲೈಬ್ರರಿಯಲ್ಲಿ. ಅಲ್ಲಿನ ಮೇಡಂ ಪ್ರತಿ ಶನಿವಾರ ಅಜ್ಜಅಜ್ಜಿಯರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಹವಾಮಾನ ಬದಲಾವಣೆಯ ಬಗ್ಗೆ ಹೇಳುತ್ತಿದ್ದರು. ಗೋಡೆಯ ಮೇಲೆ ಕರಗುವ ಹಿಮದ ಚಿತ್ರ, ಅದರ ಮೇಲೊಂದು ಬಡಕಲು ಬಿಳಿಕರಡಿ. ಮುದುಕರು ತೂಕಡಿಸುತ್ತಿದ್ದರು, ಮಕ್ಕಳು ಒಬ್ಬರನ್ನೊಬ್ಬರು ಚಿವುಟುತ್ತಿದ್ದರು. ಪರದೆ ಹೊಲಿಯಲು ಹೋಗಿದ್ದ ಚಿಕ್ಕಮ್ಮ ಇದನ್ನು ನೋಡಿ, ಪಾಪ ಆ ಕರಡಿ ನಮ್ಮ ಬೀದಿಗೆ ಯಾವತ್ತೂ ಬಂದಿಲ್ಲ, ಬೀದಿಯದ್ದೇ ಏನಾದರೂ ಹೇಳಬಾರದೇ ಎಂದಳಂತೆ. ಮೇಡಂ ನಕ್ಕು, ಹಾಗಾದರೆ ನೀವೇ ಒಂದು ಆಟ ಮಾಡಿಕೊಡಿ ಎಂದರು. ಆವತ್ತು ಮನೆಗೆ ಬಂದ ಚಿಕ್ಕಮ್ಮನ ಮುಖ ನೋಡಿಯೇ ನನಗೆ ಅನುಮಾನ ಬಂತು. ಬಹಳ ದಿನಗಳ ಮೇಲೆ ಅವಳು ಹಾಡು ಗುನುಗುತ್ತಿದ್ದಳು.

ಚೂರುಬಟ್ಟೆಗಳನ್ನೆಲ್ಲ ಹರವಿಕೊಂಡು ಅವಳು ನಮ್ಮ ಬೀದಿಯನ್ನು ಹೊಲಿದಳು. ಮೇಜಿನಷ್ಟು ಉದ್ದದ ಹಾಸು. ನಡುವೆ ಬೂದುಬಣ್ಣದ ರಸ್ತೆ, ಅದರ ಎರಡೂ ಬದಿಗೆ ಮನೆಗಳು. ಅಂಗಡಿಗಳನ್ನು ಕಸೂತಿ ಮಾಡಿದಳು, ನಮ್ಮದರಲ್ಲಿ ಉಗುರಿನಷ್ಟು ಹೊಲಿಗೆ ಮಿಷನ್ನೂ ಇತ್ತು. ರಸ್ತೆಯ ಉದ್ದಕ್ಕೂ ಹಸಿರು ಬಟ್ಟೆಯ ಮರಗಳು. ಪ್ರತಿ ಮರವನ್ನೂ ಗುಂಡಿಯಿಂದ ಸಿಕ್ಕಿಸಿದ್ದಳು, ಬೇಕೆಂದರೆ ಬಿಚ್ಚಬಹುದು.

ಆಟ ಸರಳ. ಮೊದಲರ್ಧ ಹಿರಿಯರದು. ಒಬ್ಬೊಬ್ಬರಿಗೂ ರಸ್ತೆಯ ಒಂದೊಂದು ಬದಿ. ದಾಳ ಹಾಕಿ ತಮ್ಮ ಗೊಂಬೆಯನ್ನು ಮುಂದೆ ನಡೆಸಬೇಕು. ಬೇಗ ಮುಂದೆ ಹೋಗಬೇಕೆಂದರೆ ತಮ್ಮ ಬದಿಯ ಒಂದು ಮರ ಬಿಚ್ಚಿ ಜೇಬಿಗೆ ಹಾಕಿಕೊಂಡು ನೆಗೆಯಬಹುದು. ಆಮೇಲೆ ಹಿರಿಯರು ಎದ್ದು ಅದೇ ಕುರ್ಚಿಯಲ್ಲಿ ಮಕ್ಕಳನ್ನು ಕೂರಿಸಬೇಕು. ಮಗು ಈಗ ತನ್ನ ಅಜ್ಜನದೋ ಅಜ್ಜಿಯದೋ ಗೊಂಬೆಯನ್ನು ಅದೇ ಬದಿಯಲ್ಲಿ ನಡೆಸಿ ತುದಿಯ ಆಸ್ಪತ್ರೆ ಮುಟ್ಟಿಸಬೇಕು, ಬೇಸಿಗೆಯಲ್ಲಿ. ನಡುವೆ ನೆರಳಿನಲ್ಲಿ ನಿಲ್ಲಿಸದೆ ಬಹಳ ದೂರ ನಡೆಸಿದರೆ ಗೊಂಬೆ ಬೀಳುತ್ತದೆ. ಮಗು ಸಸಿ ನೆಡಬಹುದು, ಆದರೆ ಅದರ ನೆರಳು ಮುಂದಿನ ಆಟದವರಿಗೆ. ಜೇಬಿನ ಮರ ವಾಪಸು ಬರುವ ಹಾಗಿಲ್ಲ.

ಮೊದಲ ಆಟಕ್ಕೆ ಊರಿನ ಗಣ್ಯರೊಬ್ಬರು ಬೇಕು ಎಂದರು ಮೇಡಂ. ಚಿಕ್ಕಮ್ಮ ಬೆಣ್ಣೆಯಂಥ ದನಿಯಲ್ಲಿ ಯಜಮಾನರನ್ನು ಸೂಚಿಸಿದಳು. ಮೊಮ್ಮಗಳನ್ನೂ ಕರೆತರಲಿ ಎಂದಳು. ಅಂಗಡಿಯನ್ನು ಮಗನಿಗೆ ಬಿಟ್ಟು ಹೊತ್ತು ಹೋಗದೆ ಕೂತಿದ್ದ ಯಜಮಾನರು ಗರಿಗರಿ ಇಸ್ತ್ರಿಯ ಶರ್ಟು ತೊಟ್ಟು, ಮೊಮ್ಮಗಳ ಕೈ ಹಿಡಿದು ಬಂದರು. ಚಿಕ್ಕಮ್ಮ ಅವರಿಗೆ ನಮ್ಮ ಅಂಗಡಿ ಇರುವ ಬದಿಯನ್ನೇ ಕೊಟ್ಟಳು. ಎದುರಾಳಿಗಳು ನಿವೃತ್ತ ಪೋಸ್ಟ್‌ಮ್ಯಾನ್ ಮತ್ತು ಅವರ ಮೊಮ್ಮಗ. ಪೋಸ್ಟ್‌ಮ್ಯಾನ್ ಜೀವನವಿಡೀ ಬಿಸಿಲಲ್ಲಿ ನಡೆದವರು, ಮರ ಮುಟ್ಟಲು ಮನಸ್ಸಾಗದೆ ಕುಂಟುತ್ತ ಹೋದರು. ಯಜಮಾನರು ಒಂದಾದ ಮೇಲೊಂದು ಬಿಚ್ಚಿದರು. ಮೊಮ್ಮಗಳು ಚಪ್ಪಾಳೆ ತಟ್ಟಿದಳು, ಅವರು ಇನ್ನೊಂದು ಬಿಚ್ಚಿದರು. ದಾಳದಲ್ಲಿ ಯಾವ ಮೋಸವೂ ಇರಲಿಲ್ಲ, ಚಿಕ್ಕಮ್ಮನಿಗೆ ಅವರ ಸ್ವಭಾವವೇ ಸಾಕಾಗಿತ್ತು. ಅವರು ಗೆದ್ದು ಏಳುವಾಗ ಶರ್ಟಿನ ಜೇಬು ಹಸಿರು ಬಟ್ಟೆಯಿಂದ ಉಬ್ಬಿತ್ತು.

ಹುಡುಗಿ ಕೂತಳು. ಅಜ್ಜನ ಗೊಂಬೆಯನ್ನು ನಡೆಸಿದಳು. ನಿಲ್ಲಿಸಲು ಜಾಗವಿರಲಿಲ್ಲ. ಎದುರು ಬದಿಯಲ್ಲಿ ಆ ಹುಡುಗ ಮರದಿಂದ ಮರಕ್ಕೆ ನಿಲ್ಲಿಸುತ್ತ ತನ್ನ ತಾತನ ಗೊಂಬೆಯನ್ನು ಆಸ್ಪತ್ರೆ ಮುಟ್ಟಿಸಿದ. ಆತುರಾತುರವಾಗಿ ಸಸಿ ನೆಟ್ಟಳು, ಅದು ಯಾವ ಉಪಯೋಗಕ್ಕೂ ಬರಲಿಲ್ಲ. ನಮ್ಮ ಅಂಗಡಿಯ ಮುಂದೆ, ಸರಿಯಾಗಿ ಅಮ್ಮನ ಮೇಜಿದ್ದ ಜಾಗದಲ್ಲಿ, ಗೊಂಬೆಯನ್ನು ಮಲಗಿಸಬೇಕಾಯಿತು. ಅವಳ ಕೆಳದುಟಿ ನಡುಗಿತು. ಯಜಮಾನರು ಜೇಬಿನಿಂದ ಒಂದು ಮರ ತೆಗೆದು ಸಿಕ್ಕಿಸಲು ಬಗ್ಗಿದರು. ಚಿಕ್ಕಮ್ಮ ಅವರ ಕೈಗೆ ಕೈ ಅಡ್ಡ ಇಟ್ಟಳು.

"ಬಿಚ್ಚಿದ್ದು ಬಿಚ್ಚಿದ್ದೇ ಯಜಮಾನ್ರೇ," ಎಂದಳು. ಹುಡುಗಿಯ ಕಡೆ ತಿರುಗಿ, ಪ್ರತಿ ಅಕ್ಷರವನ್ನೂ ರುಚಿ ನೋಡುತ್ತ ಹೇಳಿದಳು: "ಅಳಬೇಡ ಮರೀ. ವಯಸ್ಸಾಗಿತ್ತಲ್ಲ, ಏನ್ ಮಾಡೋಕಾಗುತ್ತೆ."

ಯಜಮಾನರ ಮುಖದ ಬಣ್ಣ ಹೋಯಿತು. ನೆನಪಿತ್ತು ಅವರಿಗೆ. ನನಗಾದ ಸಂತೋಷವನ್ನು ಮುಚ್ಚಿಡುವುದೇಕೆ, ಎದ್ದು ಕುಣಿಯಬೇಕು ಅನಿಸಿತು.

ಆದರೆ ಹುಡುಗಿ ಚಿಕ್ಕಮ್ಮನ ಮೇಲೆ ಸಿಡಿದಳು. "ವಯಸ್ಸಲ್ಲ. ಪೋಸ್ಟ್‌ಮ್ಯಾನ್ ತಾತನಿಗೆ ನಮ್ಮಜ್ಜನಿಗಿಂತ ಜಾಸ್ತಿ ವಯಸ್ಸು, ಅವರು ಆಸ್ಪತ್ರೆ ಮುಟ್ಟಿದ್ರಲ್ಲ. ನಮ್ಮ ಕಡೆ ಮರ ಇರ್ಲಿಲ್ಲ, ಅದಕ್ಕೇ ಬಿದ್ದಿದ್ದು."

ಇಷ್ಟು ವರ್ಷ ಈ ಮಾತನ್ನು ಯಾರೂ ಆಡಿರಲಿಲ್ಲ. ಚಿಕ್ಕಮ್ಮ ಬಿದ್ದ ದಾರ ಹುಡುಕುವವಳಂತೆ ಮೇಜಿನ ಕೆಳಗೆ ಬಗ್ಗಿದಳು, ಬೇಗ ಏಳಲಿಲ್ಲ. ಅಷ್ಟರಲ್ಲಿ ಹುಡುಗಿಯ ಬೆರಳು ಕಸೂತಿಯ ಮಿಷನ್ನಿನ ಮೇಲೆ ನಿಂತಿತ್ತು. ಇದು ನಮ್ಮ ಬೀದಿಯೇ, ಅಲ್ಲಿ ಮರ ಇತ್ತೇ, ಯಾರು ತೆಗೆದರು ಎಂದು ಅಜ್ಜನನ್ನು ಕೇಳಿದಳು. ಮನೆಗೆ ಹೋಗೋಣ ಎಂದರು ಅವರು.

ಮನೆಗೆ ಹೋದರೂ ಅವಳು ಬಿಡಲಿಲ್ಲವಂತೆ. ಸ್ಕೂಲಿಗೆ ಹೋಗುವಾಗ ಕೇಳುವುದು, ಬರುವಾಗ ಕೇಳುವುದು. ಕೊನೆಗೆ ಒಂದು ಮಧ್ಯಾಹ್ನ ಯಜಮಾನರು ಅವಳನ್ನು ಕರೆದುಕೊಂಡು ನಮ್ಮ ಅಂಗಡಿಯ ಮೆಟ್ಟಿಲ ಬಳಿ ಬಂದು ನಿಂತರು. ಅದು ಬರೀ ಆಟ ಎಂದು ನೀವೇ ಒಂದು ಮಾತು ಹೇಳಿಬಿಡಿ ಎಂದು ಕೇಳಿಕೊಂಡರು. ನೆತ್ತಿಯ ಮೇಲೆ ಸೂರ್ಯ ಉರಿಯುತ್ತಿದ್ದ. ಬೇರೆ ಗಿರಾಕಿಯಾಗಿದ್ದರೆ ಚಿಕ್ಕಮ್ಮ ಒಳಗೆ ಕರೆದು ಸ್ಟೂಲು ಎಳೆದುಕೊಡುತ್ತಿದ್ದಳು. ಈಗ ಹುಡುಗಿಯನ್ನು ಮಾತ್ರ ಕರೆದು ಫ್ಯಾನಿನ ಕೆಳಗೆ ಕೂರಿಸಿದಳು.

"ಆಟದ್ದು ನಾನು ಹೇಳ್ತೀನಿ," ಎಂದಳು. "ಬೀದಿದು ನೀವು ಹೇಳಿ."

ಅವರು ಬಹಳ ಹೊತ್ತು ಬೆವರು ಒರೆಸಿಕೊಂಡರು. ಮೊಮ್ಮಗಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಕೊನೆಗೆ ಬಾಯಿ ಬಿಟ್ಟರು. ಮರ ಕಡಿಸಿದವನು ತಾನೇ, ಬೋರ್ಡು ಕಾಣಲಿ ಅಂತ, ಇಲ್ಲಿ ಇಸ್ತ್ರಿ ಮಾಡುತ್ತಿದ್ದ ಹೆಂಗಸು ಬಿಸಿಲಿಗೆ ಸತ್ತಳು, ವಯಸ್ಸು ಕಾರಣವಾಗಿರಲಿಲ್ಲ. ಎಲ್ಲವನ್ನೂ ಮೆಟ್ಟಿಲು ನೋಡಿಕೊಂಡೇ ಮೆಲ್ಲಗೆ ಹೇಳಿದರು.

ಚಿಕ್ಕಮ್ಮ, ಮಿಷನ್ ಸದ್ದಿಗೆ ಕೇಳಲಿಲ್ಲ, ಇನ್ನೊಂದು ಸಲ ಹೇಳಿ ಎಂದಳು. ಅವರು ಬಂದಾಗಲೇ ಅವಳು ಮಿಷನ್ ನಿಲ್ಲಿಸಿದ್ದಳು. ಅವರಿಗೂ ಅದು ಗೊತ್ತಿತ್ತು. ಆದರೂ ಇನ್ನೊಮ್ಮೆ ಹೇಳಿದರು, ಈ ಸಲ ಗಟ್ಟಿಯಾಗಿ.

ಆಗ ಅವಳು ನನ್ನ ಕಡೆ ಕೈ ತೋರಿಸಿದಳು. "ಈಗ ಇವಳಿಗೆ ಹೇಳಿ. ಅವಳ ಮಗಳು ಇವಳು."

ಅವರಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅವರ ಶರ್ಟಿಗೆ ಗುಂಡಿ ಹಾಕಿಕೊಟ್ಟ ಕೆಲಸದ ಹುಡುಗಿ ಎಂದಷ್ಟೇ ತಿಳಿದಿದ್ದರು. ಮೊದಲ ಸಲ ನನ್ನ ಮುಖ ನೋಡಿದರು. ಅಮ್ಮನ ಹೋಲಿಕೆ ನನಗಿದೆ ಎನ್ನುತ್ತಾರೆ. ಅದು ಅವರಿಗೂ ಕಂಡಿರಬೇಕು, ನೋಟ ಕೆಳಗಿಳಿಯಿತು. ಮತ್ತೆ ಮೊದಲಿನಿಂದ ಎಲ್ಲವನ್ನೂ ಹೇಳಿದರು. ತಪ್ಪಾಯಿತು ತಾಯಿ ಎಂದರು.

ಪರವಾಗಿಲ್ಲ ಬಿಡಿ ಎಂದು ನಾನು ಹೇಳಲಿ ಎಂದು ಕಾದು ನಿಂತರು. ಮೊಮ್ಮಗಳೂ ಕಾದಳು. ಚಿಕ್ಕಮ್ಮ ಮಾತ್ರ ಕಾಯಲಿಲ್ಲ, ಮಿಷನ್ ತುಳಿಯಲು ಶುರುಮಾಡಿದಳು. ನಾನು ಹಲ್ಲಿನಿಂದ ದಾರ ಕತ್ತರಿಸಿ ಮುಂದಿನ ಗುಂಡಿ ಕೈಗೆತ್ತಿಕೊಂಡೆ.