ಬೀರಪ್ಪನವರ ಆರು ಕೋರಿನ ಅನುಮಾನ

ತರೀಕೆರೆಯ ಬೀರಪ್ಪ ಯಾವ ವಸ್ತುವನ್ನೂ ಪೆಟ್ಟಿಗೆ ನೋಡಿ ನಂಬಿದವರಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ನಡುವೆ ಖಾಸಗಿ ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ, ಮೆಕ್ಯಾನಿಕ್ಕು ಹೊಸ ಸಾಮಾನು ಹಾಕಿದ್ದೇನೆ ಎಂದರೆ ಬಿಚ್ಚಿದ ಹಳೆಯದನ್ನು ತೋರಿಸು ಎಂದು ಕೇಳುತ್ತಿದ್ದರು. ಅದಕ್ಕೊಂದು ಕಾರಣವಿತ್ತು. ಮಾಲೀಕರೊಬ್ಬರು ಅಗ್ಗಕ್ಕೆ ಸಿಕ್ಕಿತೆಂದು ಹಾಕಿಸಿದ ಬ್ರೇಕ್ ಲೈನರ್ ಬುಕ್ಕಾಂಬುಧಿಯ ಕೆರೆ ಏರಿಯ ಮೇಲೆ ಕೈಕೊಟ್ಟಿತ್ತು. ಬೀರಪ್ಪ ಗೇರು ಇಳಿಸಿ, ಬಸ್ಸನ್ನು ಒಂದು ಮಣ್ಣುಗುಡ್ಡೆಗೆ ಒರಗಿಸಿ ನಿಲ್ಲಿಸಿದರು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮಾಲೀಕರು ತಪ್ಪೆಲ್ಲ ಡ್ರೈವರಿನದೇ ಎಂದು ಸಾರಿ ಅವರನ್ನು ಕೆಲಸದಿಂದ ಬಿಡಿಸಿಬಿಟ್ಟರು. ಆ ಲೈನರಿನ ಪೆಟ್ಟಿಗೆ ನೋಡಲು ಅಸಲಿಯಂತೆಯೇ ಇತ್ತು.

ಆಮೇಲೆ ಬೇರೆ ಬಸ್ಸು ಸಿಕ್ಕಿತು, ವರ್ಷಗಳೂ ಕಳೆದವು. ಎರಡು ವರ್ಷದ ಹಿಂದೆ ಎಡಗಣ್ಣಿನ ದೃಷ್ಟಿ ಕುಗ್ಗಿತು. ಇನ್ನು ಬಸ್ಸು ಮುಟ್ಟಬೇಡಿ ಎಂದರು ಡಾಕ್ಟರು. ಅದನ್ನೂ ಅವರು ನಂಬದೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿದರು. ಅವರೂ ಅದನ್ನೇ ಹೇಳಿದ ಮೇಲೆ ಮನೆಯಲ್ಲಿ ಕೂತರು.

ಕೂತವರು ಮಾತು ಕಡಿಮೆ ಮಾಡಿದರು. ಅಮೃತಾಪುರದ ಪಂಚಾಯಿತಿ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಮಗಳು ಶ್ರುತಿಗೆ ಇದು ನೋಡಲಾಗಲಿಲ್ಲ. ತನ್ನ ಹಳೆಯ ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಆಟವೊಂದನ್ನು ಹಾಕಿ, ಒಂದು ಸ್ಟೀರಿಂಗನ್ನೂ ತಂದು ಮೇಜಿಗೆ ಬಿಗಿದಳು. ಯಾರೋ ಕೂತು ಆ ಆಟಕ್ಕೆ ನಮ್ಮ ಕಡೆಯ ಬಸ್ಸುಗಳನ್ನೂ ಕನ್ನಡದ ಬೋರ್ಡುಗಳನ್ನೂ ಸೇರಿಸಿದ್ದರು.

"ಇದ್ರಲ್ಲಿ ಬಸ್ಸಿನ ತೂಕಾನೇ ಇಲ್ವಲ್ಲವ್ವಾ," ಎಂದು ಮೊದಲ ದಿನ ಬೀರಪ್ಪ ಮುಖ ತಿರುಗಿಸಿದರು. ವಾರದೊಳಗೆ ಬೆಳಗಿನ ಕಾಫಿಯನ್ನು ಅಲ್ಲಿಗೇ ತರಿಸಿಕೊಳ್ಳತೊಡಗಿದರು. ತೊಂದರೆಯೆಂದರೆ, ಆ ಹಳೆಯ ಯಂತ್ರ ಆಟವನ್ನು ಎಳೆಯಲಾರದೆ ತಿರುವಿನಲ್ಲೆಲ್ಲ ನಿಂತುಬಿಡುತ್ತಿತ್ತು. ಚಿತ್ರ ಮತ್ತೆ ಚಲಿಸುವ ಹೊತ್ತಿಗೆ ಬಸ್ಸು ಗುಂಡಿಯಲ್ಲಿರುತ್ತಿತ್ತು.

"ನಾನು ತಿರುಗಿಸ್ದೆ. ಅದು ತಿರುಗ್ಲಿಲ್ಲ," ಎಂದರು ಒಂದು ದಿನ. ತಪ್ಪು ತನ್ನದಲ್ಲವೆಂದು ಯಾರಿಗೋ ಹೇಳಿಕೊಳ್ಳುವಂತಿತ್ತು ಆ ದನಿ. ಹೆಂಡತಿ ಈಶ್ವರಮ್ಮ ಒಳಗಿಂದ ಬಂದು ಮಗಳ ಮುಖ ನೋಡಿದರು.

ಶ್ರುತಿ ಅಪ್ಪನನ್ನು ಕಡೂರಿಗೆ, ಹರ್ಷಿತ್‌ನ ಕಂಪ್ಯೂಟರ್ ಅಂಗಡಿಗೆ ಕರೆದುಕೊಂಡು ಹೋದಳು. ಹರ್ಷಿತ್ ಮೂವತ್ತರ ಆಸುಪಾಸಿನವನು, ಸಮಾಧಾನಿ. ಬೇಕಿರುವುದನ್ನು ಕೇಳಿ, ಆರು ಕೋರಿನ ಒಂದು ಪ್ರೊಸೆಸರ್ ಚಿಪ್ಪನ್ನು ಮುಂದಿಟ್ಟ. ಕೋರು ಅಂದರೆ ಲೆಕ್ಕ ಮಾಡುವ ತಲೆ, ಈ ಚಿಪ್ಪಿನೊಳಗೆ ಅಂಥವು ಆರಿವೆ, ಆಟಕ್ಕೆಂದೇ ಜನ ಇದನ್ನು ಹೆಚ್ಚು ಒಯ್ಯುತ್ತಾರೆ ಎಂದ.

ಬೀರಪ್ಪ ಬೆಲೆ ಕೇಳಿದರು. ಪಕ್ಕದ ಗಾಜಿನೊಳಗೆ ಅದೇ ಕಂಪನಿಯ ಎಂಟು ಕೋರಿನ ಚಿಪ್ಪಿತ್ತು. ಅದರ ಬೆಲೆಯನ್ನೂ ಕೇಳಿದರು.

"ಎರಡು ತಲೆ ಜಾಸ್ತಿಗೆ ಡಬಲ್ ರೇಟಾ? ಹಂಗಾದ್ರೆ ಈ ಅಗ್ಗದ್ರಲ್ಲಿ ಏನೋ ಐಬು ಐತೆ ಕಣಪ್ಪಾ. ಬಾಯ್ಬಿಡು."

"ಐಬೇನಿಲ್ಲ ಯಜಮಾನ್ರೇ. ಇದು ಸ್ವಲ್ಪ ಹಳೇ ಮಾಡೆಲ್ಲು. ಚಿತ್ರ ತೋರ್ಸೋ ಭಾಗ ಇದರೊಳಗೆ ಇಲ್ಲ, ಅದಕ್ಕೆ ಬೇರೆ ಕಾರ್ಡ್ ಹಾಕ್ಬೇಕು. ಅದಕ್ಕೇ ಅಗ್ಗ."

"ನೋಡ್ದಾ, ಕೇಳಿದ ಮೇಲೆ ಒಂದೊಂದೇ ಹೊರಗೆ ಬತ್ತೈತೆ," ಎಂದು ಬೀರಪ್ಪ ಮಗಳ ಕಡೆ ತಿರುಗಿದರು.

ಆ ದಿನ ಬರಿಗೈಲಿ ಬಂದರು. ಶ್ರುತಿ ಮೊಬೈಲಿನಲ್ಲಿ ಆ ಚಿಪ್ಪನ್ನು ಹೊಗಳುವ ವಿಡಿಯೋಗಳನ್ನು ತೋರಿಸಿದಳು. ಹೊಗಳಲು ಅವನಿಗೆ ಎಷ್ಟು ಕೊಟ್ಟಿದ್ದಾರಂತೆ, ಎಂದು ಕೇಳಿದರು. ತೆಗಳುವ ವಿಡಿಯೋ ತೋರಿಸಿದಳು. ಇವನು ದುಬಾರಿಯದನ್ನು ಮಾರುವವರ ಕಡೆಯವನಿರಬೇಕು ಎಂದರು. ಕೊನೆಗೆ ಈಶ್ವರಮ್ಮ, "ಇಷ್ಟು ವಿಚಾರಣೆ ನನ್ನ ತಗೊಂಬರೋವಾಗ ಮಾಡಿದ್ರಾ?" ಎಂದು ಕೇಳಿದ ಮೇಲೆ ಒಪ್ಪಿದರು. ಅಂಗಡಿಯಲ್ಲಿ ಹರ್ಷಿತ್ ಚಿಪ್ಪಿನ ಪೆಟ್ಟಿಗೆಯ ಸೀಲು ಒಡೆದು ಹೊಸ ಯಂತ್ರ ಜೋಡಿಸುವಾಗ ಬೀರಪ್ಪ ಪಕ್ಕದಲ್ಲೇ ನಿಂತು ನೋಡಿದರು.

ಹೊಸ ಯಂತ್ರ ಮನೆಗೆ ಬಂದ ಮೇಲೆ ಬಸ್ಸು ನೀರಿನಂತೆ ಓಡಿತು. ತಿರುವುಗಳಲ್ಲಿ ಸ್ಟೀರಿಂಗು ಹೇಳಿದ ಮಾತು ಕೇಳಿತು. ಬೀರಪ್ಪ ಎರಡು ದಿನ ಏನೂ ದೂರಲಿಲ್ಲ. ಮೂರನೆಯ ದಿನ ಆಟದೊಳಗಿನ ದೊಡ್ಡದೊಂದು ಬಸ್ ನಿಲ್ದಾಣಕ್ಕೆ ಹೋದರು. ಜನ, ಆಟೋ, ಬಸ್ಸು ತುಂಬಿದ್ದ ಆ ಜಾಗದಲ್ಲಿ ಚಿತ್ರ ತಡೆತಡೆದು ಚಲಿಸಿತು.

"ಗೊತ್ತಿತ್ತು ನಂಗೆ," ಎಂದರು. "ಆರರಲ್ಲಿ ಎರಡು ಸತ್ತಿರೋವು. ತಗುಲಿಹಾಕ್ಬಿಟ್ಟ."

ಶ್ರುತಿ ಪರದೆಯ ಮೇಲೆ ಆರೂ ಕೋರುಗಳು ಬದುಕಿವೆಯೆಂದು ಹೇಳುವ ಗೆರೆಗಳನ್ನು ತೋರಿಸಿದಳು.

"ಪರದೆ ಮೇಲೆ ಏನು ಬೇಕಾದ್ರೂ ತೋರಿಸ್ತಾರೆ. ಓಡಿದ ಬಸ್ಸಿನ ಮೀಟರು ಹಿಂದಕ್ಕೆ ತಿರುಗಿಸಿ ಮಾರಿದವರನ್ನ ನೋಡಿಲ್ವಾ ನಾನು?"

ಮರುದಿನವೇ ಯಂತ್ರವನ್ನು ಪಂಚೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕಡೂರು ಬಸ್ಸು ಹತ್ತಿದರು. ಪಕ್ಕದಲ್ಲಿಡಿ ಎಂದು ಕಂಡಕ್ಟರು ಹೇಳಿದರೂ ಕೆಳಗಿಳಿಸಲಿಲ್ಲ. ರಜೆ ಹಾಕಿ ಜೊತೆಗೆ ಹೊರಟ ಶ್ರುತಿ ದಾರಿಯುದ್ದಕ್ಕೂ, ಅಂಗಡಿಯಲ್ಲಿ ದನಿ ಎತ್ತಬೇಡಿ ಎಂದು ಬೇಡಿಕೊಂಡಳು.

ಬೀರಪ್ಪ ದನಿ ಎತ್ತಲಿಲ್ಲ. "ಇದು ಪೂರ್ತಿ ಆರು ಇಲ್ಲ," ಎಂದಷ್ಟೇ ಹೇಳಿ ಕುರ್ಚಿಯಲ್ಲಿ ಕೂತರು.

ಹರ್ಷಿತ್ ವಾದಕ್ಕೆ ಹೋಗಲಿಲ್ಲ. ಅವರ ಕಣ್ಣೆದುರಿಗೇ ಆ ಚಿಪ್ಪನ್ನು ತೆಗೆದು, ಅದೇ ಯಂತ್ರದಲ್ಲಿ ಎಂಟು ಕೋರಿನ ದುಬಾರಿ ಚಿಪ್ಪನ್ನು ಕೂರಿಸಿದ. ಬೀರಪ್ಪ ಅದರ ಮೇಲಿನ ಬರಹವನ್ನು ಮಗಳ ಕೈಲಿ ಎರಡು ಸಲ ಓದಿಸಿದರು. ಅದೇ ರಸ್ತೆ, ಅದೇ ನಿಲ್ದಾಣ. ಬಸ್ಸನ್ನು ಒಳಗೆ ತಿರುಗಿಸಿದ ಕೂಡಲೇ ಚಿತ್ರ ತಡೆಯಿತು. ಕೊಂಚ ಕಡಿಮೆ, ಆದರೆ ತಡೆಯಿತು.

"ನೋಡಿ ಯಜಮಾನ್ರೇ, ಈ ಆಟ ಬರೆದವರು ಕೆಲಸ ಎಲ್ಲಾ ಒಂದೆರಡು ಕೋರಿನ ಮೇಲೇ ಹೇರಿದಾರೆ. ಮಿಕ್ಕವು ಸುಮ್ನೆ ಕೂತಿರ್ತವೆ. ಆರಿದ್ರೂ ಅಷ್ಟೇ, ಎಂಟಿದ್ರೂ ಅಷ್ಟೇ. ನಿಮ್ಮ ದುಡ್ಡಿಗೆ ಇದು ಸರಿಯಾದ ಮಾಲು. ಡಬಲ್ ಕೊಟ್ರೂ ಡಬಲ್ ಓಡಲ್ಲ."

ಮಾರುವವನೇ ದುಬಾರಿಯದು ಬೇಡವೆನ್ನುವುದನ್ನು ಬೀರಪ್ಪ ಈವರೆಗೆ ಕೇಳಿರಲಿಲ್ಲ. ಹಾಗಾಗಿ ಅದೂ ಅನುಮಾನಕ್ಕೇ ಬಂತು.

"ಜಾಸ್ತಿ ಲಾಭದ್ದು ಬಿಟ್ಟು ಕಮ್ಮಿದು ಯಾಕೆ ಹೇಳ್ತಿ?"

ಹರ್ಷಿತ್‌ಗೆ ಆಗ ಸ್ವಲ್ಪ ಬೇಜಾರಾಯಿತು. "ನಾಳೆ ನೀವು ಅದನ್ನೂ ಪಂಚೇಲಿ ಸುತ್ಕೊಂಡು ಬತ್ತೀರಲ್ಲ, ಅದಕ್ಕೆ," ಎಂದ.

ಶ್ರುತಿ ತಲೆ ತಗ್ಗಿಸಿದಳು. ಬೀರಪ್ಪ ಮಾತ್ರ ಅವನನ್ನು ದಿಟ್ಟಿಸಿ ನೋಡಿ, "ಈ ಮಾತು ನಂಬಬೋದು," ಎಂದರು. ಆರು ಕೋರಿನ ಚಿಪ್ಪನ್ನೇ ಮತ್ತೆ ಕೂರಿಸಿಕೊಟ್ಟ ಹರ್ಷಿತ್, ಆಟದಲ್ಲಿ ಜನರ ಸಂಖ್ಯೆ ಕಡಿಮೆ ಮಾಡಿದರೆ ತಡೆಯುವುದಿಲ್ಲವೆಂದು ಶ್ರುತಿಗೆ ತೋರಿಸಿಕೊಟ್ಟ.

ಮನೆಗೆ ಬಂದು ಹಾಗೆಯೇ ಮಾಡಿದರು. ನಿಲ್ದಾಣ ಖಾಲಿಯಾಯಿತು. ಬಸ್ಸು ಎಲ್ಲೂ ತಡೆಯದೆ ಒಳಗೆ ಬಂದು ನಿಂತಿತು. ಬಾಗಿಲು ತೆರೆಯಿತು. ಹತ್ತಲು ಯಾರೂ ಇರಲಿಲ್ಲ. ಬೀರಪ್ಪ ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು ಆ ಬರಿದಾದ ಕಟ್ಟೆಗಳನ್ನು ನೋಡಿದರು.

"ಜನಾನ ವಾಪಸ್ ಹಾಕವ್ವಾ."

"ತಡೀತದಲ್ಲಪ್ಪಾ ಮತ್ತೆ?"

"ತಡೀಲಿ. ಬಸ್ ಸ್ಟ್ಯಾಂಡೊಳಗೆ ಯಾವ ಡ್ರೈವರು ಸಲೀಸಾಗಿ ಹೋಗಿದ್ದಾನೆ?"

ಶ್ರುತಿ ಜನರನ್ನು ವಾಪಸು ಹಾಕಿದಳು. ಅಂದಿನಿಂದ ಆ ಯಂತ್ರ ಹಾಗೆಯೇ ಓಡುತ್ತಿದೆ. ಬೇಸಿಗೆಯಲ್ಲಿ ಬೀರಪ್ಪ ಅದರ ಮೇಲೆ ಆಗಾಗ ಅಂಗೈಯಿಟ್ಟು ಬಿಸಿ ನೋಡುತ್ತಾರೆ. ಮೊದಲಿಗಿಂತ ಮಾತೂ ಹೆಚ್ಚಾಗಿದೆ, ಹೆಚ್ಚಿನದೆಲ್ಲ ಎದುರಿಗೆ ಬರುವ ಲಾರಿಗಳನ್ನು ಬೈಯುವುದೇ.

ಕೊಳ್ಳಲೋ ಬೇಡವೋ ಎಂದು ಅಂಗಡಿಯಲ್ಲಿ ಸತಾಯಿಸುವ ಗಿರಾಕಿಗಳಿಗೆ ಹರ್ಷಿತ್ ಈಗ ಬೀರಪ್ಪನವರ ಫೋನ್ ನಂಬರು ಕೊಡುತ್ತಾನೆ. ಮೊನ್ನೆ ಅಜ್ಜಂಪುರದಿಂದ ಒಬ್ಬ ಹುಡುಗಿ ಫೋನು ಮಾಡಿ, ಆರು ಕೋರಿನದು ಕೊಟ್ಟ ದುಡ್ಡಿಗೆ ಬಾಳುತ್ತದೆಯೇ ಎಂದು ಕೇಳಿದಳು.

"ಬಾಳ್ತದೆ," ಎಂದರು ಬೀರಪ್ಪ. "ನಿನ್ನ ಆಟಾನ ಅಲ್ಲೇ ಹಾಕ್ಸಿ, ಜನ ತುಂಬಿರೋ ಕಡೆ ಓಡಿಸಿ ನೋಡಿ ತಗೋ. ಅದಿರ್ಲಿ, ಅಂಗಡಿಯವನು ನನ್ನ ನಂಬರೇ ಯಾಕೆ ಕೊಟ್ಟ? ಇದ್ರಲ್ಲಿ ಅವನಿಗೇನು ಲಾಭ?"